ಹಂದಿ ಸಾಕಣೆ ತರಬೇತಿ, ಸರ್ಟಿಫಿಕೇಟ್: ಧಾರವಾಡ, ಗದಗ, ಹಾವೇರಿ ಕಡೆಯವರು ಸ್ವಲ್ಪ ಹೇಳಿ

ಶಿಗ್ಗಾವಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಗ್ಗಾವಿ ತಾಲ್ಲೂಕು. ಎರಡು ಎಕರೆ ಹೊಲ, ಹೆಚ್ಚಾಗಿ ಗೋವಿನಜೋಳ. ಹತ್ತು ಹೆಣ್ಣು, ಒಂದು ಗಂಡು ಹಂದಿ ಇಟ್ಟುಕೊಂಡು ಸಾಕಣೆ ಶುರು ಮಾಡೋಣ ಅಂತ ಯೋಚನೆ. ಸಾಲಕ್ಕೆ ಬ್ಯಾಂಕಿಗೆ ಹೋದೆ. ಮ್ಯಾನೇಜರು ನಾನು ಒಯ್ದ ಲೆಕ್ಕದ ಹಾಳೆ ತೆರೆದೂ ನೋಡಲಿಲ್ಲ. "ತರಬೇತಿ ಸರ್ಟಿಫಿಕೇಟ್ ಎಲ್ಲಿ?" ಅಂದರು, ಅಷ್ಟೆ.

ನಮ್ಮ ಕಡೆ ಹಂದಿ ಸಾಕಣೆ ತರಬೇತಿ ಎಲ್ಲಿ ಕೊಡುತ್ತಾರೆ? ಯಾವ ಸರ್ಟಿಫಿಕೇಟ್ ಬ್ಯಾಂಕಿನಲ್ಲಿ ನಡೆಯುತ್ತದೆ? ಫೋನಿನಲ್ಲಿ ಒಂದು ಜಾಹೀರಾತು ಬರುತ್ತಿದೆ. ಮನೆಯಲ್ಲೇ ಕೂತು ವಿಡಿಯೊ ನೋಡಿದರೆ ಸಾಕಂತೆ, ದುಡ್ಡು ಕಟ್ಟಿದ ದಿನವೇ ಸರ್ಟಿಫಿಕೇಟ್ ಅಂತೆ. ತಗೊಳ್ಳಬಹುದಾ?

"ಹಂದಿ ಯಾಕೆ, ಕುರಿ ಮಾಡು" ಅನ್ನೋ ಸಲಹೆ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ. ಅದೊಂದು ಬಿಟ್ಟು ಬೇರೆ ಏನಾದರೂ ಹೇಳಿ.

ರಾಣೆಬೆನ್ನೂರು ಕಾಕಾ

ತಮ್ಮಾ, ಆ ವಿಡಿಯೊ ಸರ್ಟಿಫಿಕೇಟಿಗೆ ದುಡ್ಡು ಹಾಕಬೇಡ. ಗೋಡೆಗೆ ತೂಗು ಹಾಕಬಹುದು, ಬ್ಯಾಂಕಿನವರು ಕೈಯಲ್ಲಿ ಹಿಡಿಯೋದಿಲ್ಲ.

ಮೊದಲು ನಿಮ್ಮ ಜಿಲ್ಲೆಯ ಆರ್‌ಸೆಟಿಗೆ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗು. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟಿ ಅನ್ನೋ ತರಬೇತಿ ಸಂಸ್ಥೆ ಶುರು ಮಾಡಿದರಲ್ಲ, ಅದನ್ನೇ ನೋಡಿ ಆಮೇಲೆ ದೇಶದ ತುಂಬ ಜಿಲ್ಲೆಗೊಂದು ಮಾಡಿದರು. ಬ್ಯಾಂಕಿನವರೇ ನಡೆಸೋದು. ಅದಕ್ಕೇ ಅಲ್ಲಿನ ಸರ್ಟಿಫಿಕೇಟಿಗೆ ಬ್ಯಾಂಕಿನಲ್ಲಿ ಬೆಲೆ ಜಾಸ್ತಿ. ಹಂದಿ ಸಾಕಣೆ ಅವರಲ್ಲಿ ಹತ್ತು ದಿನದ ಕೋರ್ಸು. ಊಟ, ವಸತಿ ಅಲ್ಲೇ, ಫೀಸು ಇಲ್ಲ. ಕಲಿತು ಹೋದ ಮೇಲೂ ಎರಡು ವರ್ಷ ಬೆನ್ನು ಬಿಡೋದಿಲ್ಲ. ಶುರು ಮಾಡಿದೆಯಾ, ಸಾಲ ಸಿಕ್ಕಿತಾ ಅಂತ ಕೇಳ್ತಾ ಇರುತ್ತಾರೆ.

ತೊಡಕು ಎಲ್ಲಿ ಅಂದರೆ, ಬ್ಯಾಚ್ ತುಂಬಬೇಕು. ನಮ್ಮ ಕಡೆ ಹೈನುಗಾರಿಕೆ, ಕುರಿ, ಹೊಲಿಗೆ ಬೇಗ ತುಂಬುತ್ತವೆ. ಹಂದಿ ಅಂದ್ರೆ ಹೆಸರು ಕೊಡೋರೇ ಕಡಿಮೆ. ಆಸೆ ಇದ್ದವರೂ ನಾಚಿಕೆಗೆ ಸುಮ್ನೆ ಕೂರುತ್ತಾರೆ. ಒಬ್ಬನೇ ಹೋಗಿ "ಯಾವಾಗ ಬ್ಯಾಚ್?" ಅಂತ ಕೇಳಿದರೆ "ತಿಳಿಸ್ತೇವೆ" ಅಂತಾರೆ. ಹೆಸರು, ಊರು, ಫೋನ್ ನಂಬರ್ ಬರೆದ ಪಟ್ಟಿಯನ್ನೇ ಒಯ್ದು ಕೊಡು, ಆಗ ಮಾತು ಬೇರೆ ಆಗುತ್ತದೆ.

ಇನ್ನು ಕೃಷಿ ವಿಜ್ಞಾನ ಕೇಂದ್ರಗಳಿವೆ. ಹಾವೇರಿಗೆ ನಮ್ಮ ಹನುಮನಮಟ್ಟಿ, ಗದಗಿಗೆ ಹುಲಕೋಟಿ, ಧಾರವಾಡಕ್ಕೆ ಸೈದಾಪುರ ಫಾರ್ಮ್. ಅಲ್ಲಿ ಕೊಡೋದು ಚಿಕ್ಕ ತರಬೇತಿ, ಆದರೆ ಕೇಳಿದ್ದಕ್ಕೆ ತಾಳ್ಮೆಯಿಂದ ಉತ್ತರ ಸಿಗುತ್ತದೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ನಿಮ್ಮ ಶಿಗ್ಗಾವಿಯಲ್ಲಿ ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ, ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಡಿಪ್ಲೊಮಾ. ನಿನಗೆ ಅದು ಬೇಡ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ತಿಳಿಸು.

ನಿವೃತ್ತ ಕ್ಯಾಷಿಯರ್, ಹಾವೇರಿ

ಕಾಕಾ ಹೇಳಿದ್ದು ಸರಿ. ಬ್ಯಾಂಕಿನ ಒಳಗಿನಿಂದ ನೋಡಿದವನಾಗಿ ಸ್ವಲ್ಪ ಸೇರಿಸುತ್ತೇನೆ.

ಜನ ರಾಷ್ಟ್ರೀಯ ಜಾನುವಾರು ಮಿಷನ್ ಹೆಸರು ಕೇಳಿ ಬರುತ್ತಾರೆ. 2021-22ರಲ್ಲಿ ಹೊಸ ರೂಪ ಕೊಟ್ಟ ಮೇಲೆ ಅದರಲ್ಲಿ ಬಂಡವಾಳದ ಶೇ 50ರಷ್ಟು ಸಬ್ಸಿಡಿ ಇದೆ ನಿಜ. ಆದರೆ ಹಂದಿಗೆ ಅದು 50 ಹೆಣ್ಣು, 5 ಗಂಡಿನ ಘಟಕದಿಂದ ಶುರು. ಅದಕ್ಕೆ ಗರಿಷ್ಠ 15 ಲಕ್ಷ. 100 ಹೆಣ್ಣು, 10 ಗಂಡಿಗೆ 30 ಲಕ್ಷ. ಹತ್ತು ಹಂದಿಯವರಿಗೆ ಆ ಬಾಗಿಲೇ ಇಲ್ಲ. ಅರ್ಜಿ ಹಾಕುವವರು ತರಬೇತಿ ಪಡೆದಿರಬೇಕು, ಇಲ್ಲವೇ ತರಬೇತಿ ಆದವರನ್ನು ಕೆಲಸಕ್ಕೆ ಇಟ್ಟುಕೊಂಡಿರಬೇಕು, ಇಲ್ಲವೇ ಆ ಕೆಲಸದಲ್ಲಿ ಸಾಕಷ್ಟು ಅನುಭವ ಇರಬೇಕು ಅಂತ ನಿಯಮದಲ್ಲಿದೆ. ಕೊನೆಯ ಮಾತು ಗಮನಿಸಿ. ಅನುಭವವೂ ನಡೆಯುತ್ತದೆ. ಆದರೆ ಅನುಭವಕ್ಕೆ ಕಾಗದ ಎಲ್ಲಿಂದ ತರೋದು? ಹಾಗಾಗಿ ಕೌಂಟರಿನಲ್ಲಿ ಎಲ್ಲರೂ ಸರ್ಟಿಫಿಕೇಟನ್ನೇ ಕೇಳುತ್ತಾರೆ.

ನಿಮಗೆ ಹೊಂದೋದು ಕಿಸಾನ್ ಕ್ರೆಡಿಟ್ ಕಾರ್ಡ್. 2018-19ರಿಂದ ಅದು ಪಶುಪಾಲನೆಗೂ ಇದೆ, ಹಂದಿಯೂ ಸೇರಿದೆ. ಜಾಮೀನು ಇಲ್ಲದೆ ಕೊಡುವ ಮಿತಿ 1.6 ಲಕ್ಷ ಇತ್ತು, 2025ರ ಜನವರಿ 1ರಿಂದ 2 ಲಕ್ಷ ಆಗಿದೆ. ಇದು ಮೇವು, ಔಷಧ, ಕೂಲಿ ಇಂಥ ನಡೆಯುವ ಖರ್ಚಿಗೆ. ಶೆಡ್ ಕಟ್ಟೋಕೆ ಬೇರೆ ಸಾಲ ಕೇಳಬೇಕು.

ಮ್ಯಾನೇಜರ್ ಮೇಲೆ ಸಿಟ್ಟು ಬೇಡ. ಅವರಿಗೆ ಹಂದಿ ಗೊತ್ತಿರೋದಿಲ್ಲ. ಕಾಗದ ಒಂದೇ ಗೊತ್ತಿರೋದು.

ಪಶುವೈದ್ಯ, ಧಾರವಾಡ ಕಡೆ

ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದನ್ನು ತಗೊಂಡವನಿಗೆ ಏನು ಬರಬೇಕು ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಗರ್ಭ 114 ದಿನ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನ. ಬೆದೆ 21 ದಿನಕ್ಕೊಮ್ಮೆ. ಇದು ಎಲ್ಲಾ ತರಬೇತಿಯಲ್ಲೂ ಬೋರ್ಡಿನ ಮೇಲೆ ಬರುತ್ತದೆ, ಎಲ್ಲರೂ ಬರೆದುಕೊಳ್ಳುತ್ತಾರೆ. ಆದರೆ ಲಾಭ ನಷ್ಟ ತೀರ್ಮಾನ ಆಗೋದು ಮರಿ ಹಾಕಿದ ಮೊದಲ ಎರಡು ಮೂರು ದಿನದಲ್ಲಿ. ಮರಿ ಸಾಯೋದು ಹೆಚ್ಚಾಗಿ ತಾಯಿಯ ಮೈ ಕೆಳಗೆ ಸಿಕ್ಕಿ, ಇಲ್ಲವೇ ಚಳಿಗೆ, ಇಲ್ಲವೇ ಗಿಣ್ಣದ ಹಾಲು ಸಿಗದೆ. ಗೋಡೆಯಿಂದ ಒಂದು ಗೇಣು ಈಚೆ, ನೆಲದಿಂದ ಒಂದು ಗೇಣು ಮೇಲೆ ಸುತ್ತ ಪೈಪು ಕಟ್ಟಿದರೆ ತಾಯಿ ಗೋಡೆಗೆ ಒರಗಿ ಮಲಗಿದಾಗ ಮರಿ ನುಸುಳಿಕೊಳ್ಳಲು ಜಾಗ ಉಳಿಯುತ್ತದೆ. ಹುಟ್ಟಿದ ಮರಿಗೆ 32ರಿಂದ 35 ಡಿಗ್ರಿ ಬಿಸಿ ಬೇಕು. ತಾಯಿಗೆ ಅಷ್ಟು ಬಿಸಿ ತಡೆಯೋದಿಲ್ಲ. ಅದಕ್ಕೇ ಮರಿಗಷ್ಟೇ ಹೋಗಲು ಬರುವಂಥ ಮೂಲೆ ಮಾಡಿ ಅಲ್ಲಿ ಬಲ್ಬು ಹಾಕೋದು.

ಕಬ್ಬಿಣದ ಇಂಜೆಕ್ಷನ್ ಮೂರನೇ ದಿನದ ಸುಮಾರಿಗೆ. ತಾಯಿ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಬಯಲಲ್ಲಿ ಬೆಳೆದ ಮರಿ ಮಣ್ಣು ಕೆದರಿ ಒಂದಿಷ್ಟು ಪಡೆಯುತ್ತದೆ. ಸಿಮೆಂಟ್ ನೆಲದ ಮೇಲೆ ಹುಟ್ಟಿದ್ದಕ್ಕೆ ಆ ದಾರಿಯೂ ಇಲ್ಲ, ಬಿಳಿಚಿಕೊಂಡು ಸೊರಗುತ್ತದೆ.

ಶಿಗ್ಗಾವಿ ತಮ್ಮನಿಗೆ ಒಂದು ವಿಷಯ. ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಗೋವಿನಜೋಳ ಮಾರುಕಟ್ಟೆಯಲ್ಲಿ ಹೋಗೋದಿಲ್ಲ, ಹಂದಿಗೆ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಒಂದು ಜಾತಿಯ ಬೂಸ್ಟಿನ ವಿಷದಿಂದ ಹೆಣ್ಣು ಹಂದಿಗೆ ಬೆದೆ ಬಂದ ಹಾಗೆ ಊತ ಬರುತ್ತದೆ, ಆದರೆ ಬೆದೆ ಅಲ್ಲ. ಗರ್ಭ ನಿಲ್ಲೋದಿಲ್ಲ. ಗಂಡಿನ ತಪ್ಪು ಅಂತ ಗಂಡನ್ನು ಬದಲಿಸುತ್ತಾರೆ. ಇನ್ನೊಂದು ಜಾತಿಯ ಬೂಸ್ಟು ಲಿವರ್ ಕೆಡಿಸುತ್ತದೆ.

ರೋಗದ ವಿಷಯದಲ್ಲಿ ಎರಡು ಜ್ವರಗಳನ್ನು ಕಲಸಿಕೊಳ್ಳುತ್ತಾರೆ. ಹಳೆಯ ಹಂದಿ ಜ್ವರಕ್ಕೆ ಲಸಿಕೆ ಇದೆ, ಹಾಕಿಸಲೇಬೇಕು. ಆಫ್ರಿಕನ್ ಹಂದಿ ಜ್ವರ ಬೇರೆ. ಅದು ನಮ್ಮ ದೇಶದಲ್ಲಿ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಾಣಿಸಿತು. ಅದಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. ಮನುಷ್ಯರಿಗೆ ಬರೋದಿಲ್ಲ, ಆದರೆ ಬಂದ ಕಡೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಹೋಟೆಲ್, ಖಾನಾವಳಿಗಳ ಉಳಿದ ಊಟ ತಂದು ಹಾಕುವವರು ಅದನ್ನು ಚೆನ್ನಾಗಿ ಕುದಿಸಿ ಹಾಕಬೇಕು. ಅದರಲ್ಲಿ ಎಲ್ಲಿಯದೋ ಹಂದಿ ಮಾಂಸದ ಚೂರು ಇದ್ದರೆ ಅಷ್ಟೇ ಸಾಕು, ರೋಗ ಬರೋದಕ್ಕೆ.

ನಾನು ಪರೀಕ್ಷೆ ಮಾಡುವುದಾದರೆ ಪ್ರಶ್ನೆಪತ್ರಿಕೆ ಕೊಡೋದಿಲ್ಲ. ಗೂಡಿನ ಬಾಗಿಲಲ್ಲಿ ನಿಲ್ಲಿಸಿ "ಇದರಲ್ಲಿ ಯಾವ ಹಂದಿಗೆ ಹುಷಾರಿಲ್ಲ, ತೋರಿಸು" ಅಂತೇನೆ.

ಹುಬ್ಬಳ್ಳಿ ನಿವಾಸಿ

ಸಾರ್, ತರಬೇತಿ ಎಲ್ಲ ಚೆನ್ನಾಗಿದೆ. ಮೊದಲು ನಮ್ಮ ಓಣಿಯ ಹಂದಿಗಳಿಗೆ ಯಾರಾದರೂ ತರಬೇತಿ ಕೊಡಿ. ಗಟಾರದಲ್ಲಿ ಬಿದ್ದುಕೊಂಡಿರುತ್ತವೆ, ಸಂಜೆ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ. ಪಾಲಿಕೆಯವರು ಹಿಡಿದುಕೊಂಡು ಹೋಗುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಅಷ್ಟೇ ಇರುತ್ತವೆ. ಸಾಕೋರಿಗೆ ಲೈಸೆನ್ಸ್ ಅಂತ ಮಾಡಿ, ಇಲ್ಲದವರದ್ದು ಬಂದ್ ಮಾಡಿಸಿ.

ಬೆಟಗೇರಿ ಅಕ್ಕ

ಅಣ್ಣಾರೆ, ಆ ಹಂದಿ ನಮ್ಮವರದ್ದೇ ಇರಬಹುದು. ಸಿಟ್ಟು ಮಾಡಿಕೊಳ್ಳದೆ ಕೇಳಿ.

ನಮ್ಮದು ತಲೆತಲಾಂತರದಿಂದ ಹಂದಿ ಸಾಕೋ ಮನೆ. ಹಂದಿ, ಬುಟ್ಟಿ ಹೆಣೆಯೋದು, ಮದುವೆಗಳಲ್ಲಿ ವಾದ್ಯ ಊದೋದು, ಇದೇ ನಮ್ಮ ಜನರ ಬದುಕು. ಹಿಂದೆ ಊರ ಹೊರಗೆ ಬಯಲು ಇತ್ತು, ಅಲ್ಲಿ ಮೇಯುತ್ತಿದ್ದವು. ಬಯಲು ಲೇಔಟ್ ಆಯಿತು. ಹಂದಿ ಬೀದಿಗೆ ಬಂತು. ನಮಗೂ ಬೀದಿಯಲ್ಲಿ ಬಿಡೋದು ಇಷ್ಟ ಇಲ್ಲ. ಕದ್ದು ಒಯ್ಯುತ್ತಾರೆ, ಗಾಡಿ ಹಾಯುತ್ತದೆ, ವಿಷ ಹಾಕುತ್ತಾರೆ. ಕಟ್ಟಿ ಸಾಕಬೇಕಂದ್ರೆ ಜಾಗ ಬೇಕು, ಶೆಡ್ ಬೇಕು, ಅದಕ್ಕೆ ಸಾಲ ಬೇಕು. ಸಾಲಕ್ಕೆ ಸರ್ಟಿಫಿಕೇಟ್ ಬೇಕು ಅಂತ ಈಗ ಇಲ್ಲಿ ಓದಿದೆ.

ನಮ್ಮ ಮಾವನಿಗೆ ಅಕ್ಷರ ಬರೋದಿಲ್ಲ. ಡಾಕ್ಟರು ಹೇಳಿದ ಪರೀಕ್ಷೆ ಇದೆಯಲ್ಲ, ಯಾವ ಹಂದಿಗೆ ಹುಷಾರಿಲ್ಲ ಅಂತ ತೋರಿಸೋದು, ಅದನ್ನು ಅವರು ಕಿವಿ, ಬಾಲ ನೋಡಿಯೇ ಹೇಳುತ್ತಾರೆ. ಮೇವಿಗೆ ಎಲ್ಲಾ ಓಡಿ ಬಂದಾಗ ಯಾವುದು ಹಿಂದೆ ಉಳಿಯಿತು ಅಂತ ಮೊದಲು ನೋಡುತ್ತಾರೆ. ಅವರ ಹತ್ತಿರ ಕಾಗದ ಇಲ್ಲ. ಹಂದಿ ಮುಟ್ಟದವರು ಹತ್ತು ದಿನ ಕೂತು ಬಂದರೆ ಕಾಗದ ಸಿಗುತ್ತದೆ, ಸಬ್ಸಿಡಿ ಅವರಿಗೇ ಹೋಗುತ್ತದೆ. ಶಿಗ್ಗಾವಿ ತಮ್ಮನಿಗೆ ಹೇಳುತ್ತಿಲ್ಲ ಇದನ್ನು. ನೀನು ಮಾಡಪ್ಪಾ, ಒಳ್ಳೇದಾಗಲಿ. ಆದರೆ ಬಂದ್ ಮಾಡಿಸೋರು ಇದನ್ನೂ ಯೋಚನೆ ಮಾಡಲಿ.

ಪಶುವೈದ್ಯ, ಧಾರವಾಡ ಕಡೆ

ಅಕ್ಕಾರೆ, ನಿಮ್ಮ ಮಾವನವರಂಥವರಿಗೆಂದೇ ಒಂದು ದಾರಿ ಇದೆ, ಪ್ರಚಾರ ಕಡಿಮೆ. ಆರ್‌ಪಿಎಲ್ ಅನ್ನುತ್ತಾರೆ. ಮೊದಲೇ ಕಲಿತ ಕೆಲಸಕ್ಕೆ ಮಾನ್ಯತೆ ಕೊಡೋದು. ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬರುತ್ತದೆ. ಭಾರತೀಯ ಕೃಷಿ ಕೌಶಲ ಮಂಡಳಿಯ ಉದ್ಯೋಗಗಳ ಪಟ್ಟಿಯಲ್ಲಿ ಹಂದಿ ಸಾಕುವವರೂ ಇದ್ದಾರೆ. ಉದ್ದದ ಕೋರ್ಸು ಬೇಡ. ಸ್ವಲ್ಪ ತಿಳಿವಳಿಕೆ ಕೊಟ್ಟು, ಪರೀಕ್ಷಕರು ಬಂದು ನೋಡಿ ಸರ್ಟಿಫಿಕೇಟ್ ಕೊಡೋದು. ಜಿಲ್ಲಾ ಕೌಶಲಾಭಿವೃದ್ಧಿ ಕಚೇರಿಯಲ್ಲಿ ಒಂದು ಗುಂಪಾಗಿ ಕೇಳಬೇಕು.

ಆದರೆ ನೀವೂ ಒಂದು ಒಪ್ಪಿಕೊಳ್ಳಬೇಕು. ಹಳಬರಿಗೆ ಬಾರದ ವಿಷಯಗಳೂ ಇವೆ. ಬಯಲಿಗೆ ಹೋಗುವ ಮನುಷ್ಯರ ಮಲ ತಿಂದ ಹಂದಿಯಿಂದ ಲಾಡಿಹುಳದ ಚಕ್ರ ಸುತ್ತುತ್ತದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆಗೆ ಸೇರಿದರೆ ಮೆದುಳಿನವರೆಗೂ ಹೋಗಿ ಮೂರ್ಛೆರೋಗ ಬರಬಹುದು. ಕಟ್ಟಿ ಸಾಕಿದ ಹಂದಿಯಲ್ಲಿ ಈ ಚಕ್ರ ಮುರಿಯುತ್ತದೆ. ಹಂದಿಯ ಉಚ್ಚೆ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಿಂತರೆ ಇಲಿ ಜ್ವರ ಹತ್ತಬಹುದು. ಗಂಬೂಟು ಬೇಕೇ ಬೇಕು.

ಇನ್ನೊಂದು, ಇದು ಎಲ್ಲರಿಗೂ. ಸರ್ಟಿಫಿಕೇಟ್ ಬಂದ ಕೂಡಲೇ ಕೆಲವರು ಊರ ಡಾಕ್ಟರ್ ಆಗಿಬಿಡುತ್ತಾರೆ. ಅದು ಸಾಕೋಕೆ ಕೊಟ್ಟದ್ದು, ಚಿಕಿತ್ಸೆ ಮಾಡೋಕೆ ಅಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಬೇರೆಯವರು ಮಾಡಬಹುದಾದದ್ದು ಸಣ್ಣಪುಟ್ಟ ಸೇವೆ, ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ. ಕೋಲಿಸ್ಟಿನ್ ಅನ್ನೋ ಆಂಟಿಬಯಾಟಿಕನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ 2019ರಲ್ಲೇ ನಿಷೇಧಿಸಿದ್ದಾರೆ. ಬೇರೆ ಔಷಧ ಕೊಟ್ಟರೂ ಎಷ್ಟು ದಿನ ಬಿಟ್ಟು ಮಾಂಸಕ್ಕೆ ಕಳಿಸಬೇಕು ಅಂತ ಲೆಕ್ಕ ಇದೆ. ಸಂಶಯ ಬಂದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಹುಬ್ಬಳ್ಳಿ ನಿವಾಸಿ

ಅಕ್ಕಾರೆ, ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ. ಆದರೆ ಮಕ್ಕಳ ವಿಷಯ ಬಂದಾಗ ನಾನೂ ಸುಮ್ಮನಿರಲು ಆಗೋದಿಲ್ಲ. ಪಾಲಿಕೆ ಹಿಡಿಯೋಕೆ ಖರ್ಚು ಮಾಡುವ ದುಡ್ಡಿನಲ್ಲಿ ಊರಾಚೆ ಜಾಗ ಕೊಟ್ಟು ಶೆಡ್ ಕಟ್ಟಿಸಿದರೆ ಇಬ್ಬರಿಗೂ ಅನುಕೂಲ ಅಲ್ವಾ?

ಬೆಟಗೇರಿ ಅಕ್ಕ

ಅದನ್ನೇ ಕೇಳುತ್ತಿರೋದು ಅಣ್ಣಾ. ನೀವೂ ಜೊತೆಗೆ ಅರ್ಜಿಗೆ ಸಹಿ ಹಾಕಿದರೆ ತೂಕ ಬರುತ್ತದೆ.

ಕೆಎ 25 ಗಾಡಿ

ಸಾಕೋರ ಮಾತೇ ಆಯಿತು. ಸಾಗಿಸೋರ ಬಗ್ಗೆ ಯಾರಿಗೂ ನೆನಪಿಲ್ಲ. ನಾನು ಹುಬ್ಬಳ್ಳಿಯಿಂದ ಕುರಿ, ಹಂದಿ ಎರಡನ್ನೂ ಗಾಡಿಯಲ್ಲಿ ಸಾಗಿಸುತ್ತೇನೆ. ಯಾರೂ ಕಲಿಸಲಿಲ್ಲ. ಹಿಂದೆ ಬಡಿಗೆ, ಕಿವಿ ಹಿಡಿದು ಎಳೆಯೋದು, ಇದೇ ರೂಢಿ. ಆಮೇಲೆ ಒಬ್ಬ ಹಿರಿಯ ಲೋಡಿಂಗ್ ಮಾಡುವವರು ತೋರಿಸಿಕೊಟ್ಟರು.

ಹಂದಿಗೆ ಸಂದಿ ಕಂಡರೆ ನುಗ್ಗುತ್ತದೆ, ಮುಂದೆ ಗೋಡೆ ಕಂಡರೆ ತಿರುಗುತ್ತದೆ. ಕೈಯಲ್ಲಿ ಒಂದು ಪ್ಲೈವುಡ್ ಹಲಗೆ ಹಿಡಿದು ಹಿಂದೆ ನಡೆದರೆ ಸಾಕು, ಹೊಡೆಯೋದೇ ಬೇಡ. ಬೆಳಕಿನಿಂದ ಕತ್ತಲೆಗೆ ಹೋಗೋಕೆ ಒಪ್ಪೋದಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಹಂದಿಗೆ ಗಾಡಿ ಒಳಗೆ ಕಪ್ಪಗೆ ಕಾಣುತ್ತದೆ, ಹತ್ತೋದಿಲ್ಲ. ಒಳಗೆ ಒಂದು ಲೈಟ್ ಹಾಕಿ, ತಾನೇ ಹತ್ತುತ್ತದೆ. ಗಾಡಿಗೆ ಹತ್ತಿಸುವ ಹಲಗೆಯ ಇಳಿಜಾರು ಕಡಿದಾಗಿದ್ದರೂ ಹಂದಿ ನಿಂತುಬಿಡುತ್ತದೆ. ನಮ್ಮ ಕಡೆ ಹೊಲದ ಬದುವಿಗೆ ಗಾಡಿ ಹಿಂದೆ ಹಚ್ಚಿ ಅರ್ಧ ಎತ್ತರ ಕಡಿಮೆ ಮಾಡಿಕೊಳ್ಳುತ್ತೇವೆ.

ಹಂದಿಗೆ ನಮ್ಮ ಹಾಗೆ ಬೆವರೋದಿಲ್ಲ. ಏಪ್ರಿಲ್‌ನಲ್ಲಿ ಹಗಲು ಹೊತ್ತು ತುಂಬಿಸಿದರೆ ದಾರಿಯಲ್ಲೇ ಸಾಯುತ್ತವೆ. ರಾತ್ರಿಯೇ ಹೊರಡಬೇಕು. ಹೊಟ್ಟೆ ತುಂಬಾ ತಿನ್ನಿಸಿ ತುಂಬಿಸಬಾರದು. ಬೇರೆ ಬೇರೆ ಮನೆಯ ಹಂದಿ ಕೂಡಿಸಿದರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಅಡ್ಡ ಹಲಗೆ ಬೇಕು. ಕಾಗದದ ವಿಷಯಕ್ಕೆ ಬಂದರೆ, ಪ್ರಾಣಿ ಸಾಗಣೆ ನಿಯಮ 1978ರದ್ದು. ಹಂದಿ, ಕೋಳಿಗೆ ಬೇರೆ ಅಧ್ಯಾಯ ಸೇರಿಸಿದ್ದು 2001ರಲ್ಲಿ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಲೇಬೇಕು. ಹಂದಿಗೆ ಕಾಗದ ಕೇಳುತ್ತಾರೆ. ಹಂದಿ ಸಾಗಿಸೋದು ಗೊತ್ತಾ ಅಂತ ಡ್ರೈವರನ್ನು ಯಾರೂ ಕೇಳೋದಿಲ್ಲ.

ಅಯೋವಾದಲ್ಲಿರುವ ಗದಗಿನವ

ಕೆಎ 25 ಅಣ್ಣನ ಮಾತು ಓದಿ ಬರೆಯಬೇಕು ಅನ್ನಿಸಿತು. ನಾನು ಇರೋದು ಅಮೆರಿಕದ ಅಯೋವಾದಲ್ಲಿ. ಜನಕ್ಕಿಂತ ಹಂದಿ ಜಾಸ್ತಿ ಇರುವ ರಾಜ್ಯ.

ಇಲ್ಲಿ ಸಾಕೋರಿಗೆ ಪಿಕ್ಯೂಎ ಪ್ಲಸ್ ಅಂತ ಸರ್ಟಿಫಿಕೇಟ್ ಇದೆ. 1989ರಲ್ಲಿ ಪಿಕ್ಯೂಎ ಅಂತ ಶುರುವಾಗಿ 2007ರಲ್ಲಿ ಪ್ಲಸ್ ಆಯಿತು. ಡ್ರೈವರ್‌ಗಳಿಗೆ, ಲೋಡಿಂಗ್ ಮಾಡೋರಿಗೆ ಟಿಕ್ಯೂಎ ಅಂತ ಬೇರೆಯೇ ಇದೆ. ಅಣ್ಣ ಹೇಳಿದ ಹಲಗೆ, ಬೆಳಕು, ಇಳಿಜಾರು ಎಲ್ಲ ಅದರ ಪಾಠಗಳೇ. ಎರಡೂ ಮೂರು ವರ್ಷಕ್ಕೆ ಮುಗಿಯುತ್ತವೆ, ಮತ್ತೆ ಮಾಡಿಸಬೇಕು.

ನನಗೆ ಹಿಡಿಸಿದ್ದು ಬೇರೆ ಎರಡು ವಿಷಯ. ಒಂದು, ಪರೀಕ್ಷೆ ಬರೆದ ಮನುಷ್ಯನಿಗೆ ಒಂದು ಸರ್ಟಿಫಿಕೇಟ್, ಶೆಡ್ಡಿಗೆ ಬೇರೆ ತಪಾಸಣೆ. ಸಲಹೆಗಾರರು ಬಂದು ಗೂಡಿನೊಳಗೆ ನಿಂತು ಹಂದಿ ಕುಂಟುತ್ತಿದೆಯಾ, ನೀರು ಬರುತ್ತಿದೆಯಾ, ಔಷಧದ ಪುಸ್ತಕ ಬರೆದಿದ್ದಾರಾ ಅಂತ ನೋಡುತ್ತಾರೆ. ಇನ್ನೊಂದು, ಇಲ್ಲಿ ಸರ್ಟಿಫಿಕೇಟ್ ಕೇಳೋದು ಹಂದಿ ಕೊಳ್ಳುವ ಮಾಂಸದ ಕಾರ್ಖಾನೆ. ಇಲ್ಲದಿದ್ದರೆ ಗಾಡಿ ಒಳಗೆ ಬಿಡೋದಿಲ್ಲ. ನಮ್ಮ ಕಡೆ ಸಾಲ ಕೊಡೋರು ಒಂದು ಸಲ ಕೇಳುತ್ತಾರೆ, ಸಾಲ ಸಿಕ್ಕ ಮೇಲೆ ಆ ಕಾಗದದ ಕೆಲಸ ಮುಗಿಯಿತು. ಕೊಳ್ಳೋರು ತೂಕ ಬಿಟ್ಟು ಏನೂ ಕೇಳೋದಿಲ್ಲ.

ಇಲ್ಲಿನದ್ದೆಲ್ಲ ಚೆಂದ ಅಂತಲ್ಲ. ಸಾವಿರಾರು ಹಂದಿಯ ಶೆಡ್‌ಗಳು, ವಾಸನೆಗೆ ಊರೇ ಬಿಟ್ಟು ಹೋದವರಿದ್ದಾರೆ.

ನಿವೃತ್ತ ಕ್ಯಾಷಿಯರ್, ಹಾವೇರಿ

ಸರಿಯಾದ ಮಾತು. ಆದರೆ ನಮ್ಮಲ್ಲಿ ಶೆಡ್ ತಪಾಸಣೆ ಅಂತ ಮಾಡಿದರೆ ಅದಕ್ಕೂ ಒಂದು ಫಾರ್ಮು, ಒಂದು ಸೀಲು, ನಡುವೆ ಒಬ್ಬ ಏಜೆಂಟ್ ಹುಟ್ಟಿಕೊಳ್ಳುತ್ತಾನೆ. ನೋಡಿಯೇ ಹೇಳುತ್ತಿದ್ದೇನೆ.

ಪಶುವೈದ್ಯ, ಧಾರವಾಡ ಕಡೆ

ಅದೂ ನಿಜ. ಹಾಗಂತ ತರಗತಿ ಕೋಣೆಯಲ್ಲಿ ಕೂತು ಪಡೆದ ಕಾಗದವೇ ಸಾಕು ಅಂದರೆ ಒಪ್ಪೋದಿಲ್ಲ. ಹತ್ತು ದಿನದಲ್ಲಿ ಐದು ದಿನವಾದರೂ ಗೂಡಿನಲ್ಲಿ ಕಳೆಯಬೇಕು. ಮರಿ ಹಾಕುವ ರಾತ್ರಿ ಒಂದಾದರೂ ಎದ್ದಿರಬೇಕು.

ಶಿಗ್ಗಾವಿ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೊ ಸರ್ಟಿಫಿಕೇಟ್ ಬಿಟ್ಟೆ. ಐವತ್ತು ಹಂದಿಯ ಸಬ್ಸಿಡಿ ಆಸೆಯೂ ಬಿಟ್ಟೆ. ನಮ್ಮ ತಾಲ್ಲೂಕಿನಲ್ಲಿ ಐದಾರು ಹುಡುಗರು ಹೆಸರು ಕೊಟ್ಟಿದ್ದಾರೆ. ಸವಣೂರು, ಹಾನಗಲ್ ಕಡೆ ಯಾರಾದರೂ ಇದ್ದರೆ ಇಲ್ಲೇ ತಿಳಿಸಿ.

ಬೆಟಗೇರಿ ಅಕ್ಕಾರೆ, ಬ್ಯಾಚ್ ಶುರುವಾಗೋ ಮೊದಲು ನಿಮ್ಮ ಮಾವನವರ ಹತ್ತಿರ ಒಂದು ವಾರ ಬಂದು ಇರಬಹುದಾ? ಕೆಲಸ ಮಾಡುತ್ತೇನೆ, ಬರೀ ನೋಡೋಕೆ ಅಲ್ಲ.

ಬೆಟಗೇರಿ ಅಕ್ಕ

ಬಾರಪ್ಪಾ. ಮಾವನಿಗೆ ಓದಿ ಹೇಳಿದೆ, ನಕ್ಕರು. ಬೆಳಗ್ಗೆ ಐದಕ್ಕೆ ಏಳಬೇಕಾಗುತ್ತದೆ. ಬರುವ ಮುಂಚೆ ಬೇರೆ ಹಂದಿ ಫಾರ್ಮಿಗೆ ಹೋಗಿದ್ದರೆ ಅದೇ ಬಟ್ಟೆ, ಅದೇ ಚಪ್ಪಲಿಯಲ್ಲಿ ಬರಬೇಡ. ಡಾಕ್ಟರು ಹೇಳಿದ ಜ್ವರದ ಭಯ ನಮಗೂ ಇದೆ.

ರಾಣೆಬೆನ್ನೂರು ಕಾಕಾ

ಚಲೋ ಆಯಿತು. ಹಾಗಿದ್ದರೆ ಬ್ಯಾಚ್ ಕೇಳಿ ಆರ್‌ಸೆಟಿಗೆ ಕೊಡುವ ಅರ್ಜಿಯಲ್ಲಿ ಎರಡು ಸಾಲು ಸೇರಿಸಿ. ಪ್ರಾಯೋಗಿಕ ತರಗತಿಯನ್ನು ಹಂದಿ ಸಾಕೋರ ಗೂಡಿನಲ್ಲೇ ಇಡಬೇಕು, ಕಲಿಸಿದ ದಿನಕ್ಕೆ ಆ ಹಿರಿಯರಿಗೆ ಅತಿಥಿ ಉಪನ್ಯಾಸಕರ ಸಂಭಾವನೆ ಕೊಡಬೇಕು ಅಂತ. ಕಾಲೇಜು ಮೇಷ್ಟ್ರಿಗೆ ಕೊಡುತ್ತಾರಲ್ಲ, ಇವರಿಗೂ ಕೊಡಲಿ. ಕರಡು ನಾನು ಬರೆದು ಹಾಕುತ್ತೇನೆ, ಕ್ಯಾಷಿಯರ್ ಸಾಹೇಬರು ತಿದ್ದಲಿ.

ಕೆಎ 25 ಗಾಡಿ

ಡ್ರೈವರ್‌ಗಳಿಗೂ ಒಂದು ದಿನ ಇಡಿ ಅಂತ ಬರೆಯಿರಿ ಕಾಕಾ. ನಾಲ್ಕೈದು ಜನರನ್ನು ನಾನೇ ಕರೆತರುತ್ತೇನೆ. ಶನಿವಾರ, ಭಾನುವಾರ ಮಾತ್ರ ಬೇಡ, ಅವತ್ತು ಬಾಡಿಗೆ ಜಾಸ್ತಿ.